ಬಸುರಿ ಅಂತ ಚಿಕಿತ್ಸೆ ನಿಲ್ಲಿಸಬೇಡಿ

(ಸಿಂಧನೂರಿನಲ್ಲಿ ಆಶಾ ಕಾರ್ಯಕರ್ತೆಯರು, ನರ್ಸಿಂಗ್ ವಿದ್ಯಾರ್ಥಿಗಳು ಮತ್ತು ಊರಿನ ಹೆಣ್ಣುಮಕ್ಕಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಬಿಸಿಲಲ್ಲಿ ಬಂದು ಕೂತಿದ್ದೀರಿ. ನೇರವಾಗಿ ವಿಷಯಕ್ಕೆ ಬರುತ್ತೇನೆ. ನೋವಿನ ಗುಳಿಗೆ, ಕೆಮ್ಮಿನ ಸಿರಪ್, ಅಫೀಮು, ಹೆರಾಯಿನ್ ಇಂಥವುಗಳ ಚಟ ಹತ್ತಿ, ಈಗ ಅದಕ್ಕೆ ಚಿಕಿತ್ಸೆ ತೆಗೆದುಕೊಳ್ಳುತ್ತಿರುವ ಹೆಣ್ಣುಮಗಳೊಬ್ಬಳು ಬಸುರಿಯಾಗುತ್ತಾಳೆ. ಅವಳ ಕೂಸು ದಿನ ತುಂಬುವ ಮೊದಲೇ ಹುಟ್ಟುವ ಅಪಾಯ ಎಷ್ಟು? ಆ ಅಪಾಯ ಎಲ್ಲಿಂದ ಬರುತ್ತದೆ? ಅದನ್ನು ತಗ್ಗಿಸಲು ನಮ್ಮ ಕೈಯಲ್ಲಿ ಏನಿದೆ? ಇವತ್ತಿನ ಮಾತು ಇದೇ.

ಸಭೆ ಶುರುವಾಗುವ ಮೊದಲು ಒಬ್ಬ ಅಕ್ಕ ಕೇಳಿದರು: "ನಮ್ಮ ಕಡೆ ಹೆಣ್ಣುಮಕ್ಕಳು ಅಂಥದ್ದೆಲ್ಲ ಎಲ್ಲಿ ತಗೋತಾರ್ರೀ ಡಾಕ್ಟ್ರೇ?" ಕೇಳಬೇಕಾದ ಪ್ರಶ್ನೆಯೇ. ಹೆರಾಯಿನ್, ಅಫೀಮು ಅಂದರೆ ಪಂಜಾಬ್, ಮಣಿಪುರ ಅಂತ ನಮ್ಮ ತಲೆಯಲ್ಲಿ ಕೂತಿದೆ. ಆದರೆ ಟ್ರಮಡಾಲ್, ಟ್ಯಾಪೆಂಟಡಾಲ್ ಎಂಬ ನೋವಿನ ಗುಳಿಗೆಗಳು, ಕೊಡೀನ್ ಇರುವ ಕೆಮ್ಮಿನ ಸಿರಪ್, ಪೆಂಟಾಜೋಸಿನ್ ಇಂಜೆಕ್ಷನ್, ಇವೆಲ್ಲ ಅದೇ ಜಾತಿಗೆ ಸೇರಿದವು. ಎಲ್ಲಕ್ಕೂ ಸೇರಿಸಿ ಒಪಿಯಾಯ್ಡ್ ಅನ್ನುತ್ತೇವೆ. ದೆಹಲಿಯ ಏಮ್ಸ್ ತಂಡ ಇಡೀ ದೇಶದಲ್ಲಿ ಸಮೀಕ್ಷೆ ಮಾಡಿ 2019ರಲ್ಲಿ ವರದಿ ಕೊಟ್ಟಿತು. 10ರಿಂದ 75 ವರ್ಷದೊಳಗಿನವರಲ್ಲಿ ಶೇ. 2.06 ಜನ ಯಾವುದೋ ಒಂದು ಒಪಿಯಾಯ್ಡ್ ಬಳಸುತ್ತಿದ್ದಾರೆ ಅಂತ ಅದರಲ್ಲಿದೆ. ಅಂದರೆ 100 ಜನರಲ್ಲಿ ಇಬ್ಬರು. ಇದರಲ್ಲಿ ಗಂಡಸರೇ ಜಾಸ್ತಿ, ನಿಜ. ಆದರೆ ಹೆಣ್ಣುಮಗಳು ಸಮೀಕ್ಷೆಗೆ ಬಂದವರ ಮುಂದೆ ಬಾಯಿ ಬಿಡುವುದು ಎಷ್ಟು ಕಷ್ಟ ಅಂತ ನಿಮಗೆ ಹೇಳಬೇಕಾಗಿಲ್ಲ.

ಅವಳಿಗೆ ಇದು ಶುರುವಾಗುವುದು ಮೋಜಿಗಲ್ಲ. ಭತ್ತದ ನಾಟಿ, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಹರಿಯುವುದು. ದಿನಪೂರ್ತಿ ಬಗ್ಗಿದ ಸೊಂಟ. ಯಾರೋ ಒಂದು ಗುಳಿಗೆ ಕೊಡುತ್ತಾರೆ. ನೋವು ಹೋಗುತ್ತದೆ, ಮೈ ಹಗುರಾಗುತ್ತದೆ, ಇನ್ನೆರಡು ಸಾಲು ಜಾಸ್ತಿ ಕೆಲಸ ಆಗುತ್ತದೆ. ಕೆಲವು ವಾರ ಕಳೆದರೆ ಒಂದು ಗುಳಿಗೆ ಸಾಲುವುದಿಲ್ಲ. ಬಿಟ್ಟರೆ ಮೈಕೈ ನೋವು, ನಿದ್ದೆಯಿಲ್ಲ, ಮೂಗು ಸೋರುತ್ತದೆ, ಬೇಧಿ ಆಗುತ್ತದೆ. ಇದು ಚಟ ಅಂತ ಅವಳಿಗೂ ಅನಿಸಿರುವುದಿಲ್ಲ, ಮನೆಯವರಿಗೂ ಗೊತ್ತಿರುವುದಿಲ್ಲ. ಟ್ರಮಡಾಲನ್ನು ಸರ್ಕಾರ 2018ರಲ್ಲಿ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತುಗಳ ನಿಯಂತ್ರಣ ಕಾಯ್ದೆಯ ಅಡಿಗೆ ತಂದದ್ದು ಸುಮ್ನೆ ಅಲ್ಲ.

ರಾಯಚೂರಿನ ಸಭೆಯಲ್ಲಿ ಸೇಂದಿಯ ಮಾತು ಬರದೆ ಇರುವುದಿಲ್ಲ. ಸಿ.ಎಚ್. ಪೌಡರ್ ಕಲಸಿದ ಸೇಂದಿ ನಿಮಗೆಲ್ಲ ಗೊತ್ತು. ಸಿ.ಎಚ್. ಅಂದರೆ ಕ್ಲೋರಲ್ ಹೈಡ್ರೇಟ್. ಅದು ಒಪಿಯಾಯ್ಡ್ ಅಲ್ಲ, ಮಂಪರು ಬರಿಸುವ ಬೇರೆ ರಾಸಾಯನಿಕ. ಅದರ ಚಿಕಿತ್ಸೆಯೂ ಬೇರೆ. ಆದರೆ ಅಂಥ ಸೇಂದಿಗೆ ಒಗ್ಗಿದ ಮೈಗೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿ ಕದಡಬಹುದು. ಬಸುರಿಯಲ್ಲಿ ಅದು ಇನ್ನೂ ಅಪಾಯ. ಅಂಥವರನ್ನು ಕಂಡರೆ ಮನೆಯಲ್ಲೇ ಬಿಡಿಸಲು ಹೋಗಬೇಡಿ, ಆಸ್ಪತ್ರೆಗೆ ಕರೆತನ್ನಿ. ಅಷ್ಟು ಹೇಳಿ ಮುಂದೆ ಹೋಗುತ್ತೇನೆ.

ದಿನ ತುಂಬದ ಹೆರಿಗೆ ಅಂದರೆ 37 ವಾರ ಮುಗಿಯುವ ಮೊದಲೇ ಆಗುವ ಹೆರಿಗೆ. 2020ರಲ್ಲಿ ಪ್ರಪಂಚದಲ್ಲಿ ಸುಮಾರು 1 ಕೋಟಿ 34 ಲಕ್ಷ ಮಕ್ಕಳು ಹೀಗೆ ಹುಟ್ಟಿದವು. ಅದರಲ್ಲಿ ಸುಮಾರು 30 ಲಕ್ಷ ಮಕ್ಕಳು ನಮ್ಮ ದೇಶದವು. ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ. 36 ವಾರಕ್ಕೆ ಹುಟ್ಟಿದ ಕೂಸು ಹೆಚ್ಚಿನ ಸಲ ಚೆನ್ನಾಗೇ ಬೆಳೆಯುತ್ತದೆ. 28, 30 ವಾರದ ಕೂಸಿನ ಕಥೆ ಬೇರೆ. ಶ್ವಾಸಕೋಶ ಬಲಿತಿರುವುದಿಲ್ಲ, ಮೈ ಬಿಸಿ ನಿಲ್ಲುವುದಿಲ್ಲ, ಚೀಪಲು ಬರುವುದಿಲ್ಲ, ಸೋಂಕು ಬೇಗ ತಗಲುತ್ತದೆ. ಹಾಗಾಗಿ ಹೊಟ್ಟೆಯೊಳಗೆ ಜಾಸ್ತಿ ಸಿಕ್ಕ ಒಂದೊಂದು ವಾರವೂ ದೊಡ್ಡದು.

ಈಗ ಚಿಕಿತ್ಸೆಯಲ್ಲಿರುವ ಬಸುರಿಯ ವಿಷಯ. ಒಪಿಯಾಯ್ಡ್ ಚಟಕ್ಕೆ ಕೊಡುವ ಮುಖ್ಯ ಔಷಧಿಗಳು ಎರಡು: ಬ್ಯುಪ್ರೆನಾರ್ಫಿನ್ ಮತ್ತು ಮೆಥಡೋನ್. ನಮ್ಮ ದೇಶದಲ್ಲಿ ಹೆಚ್ಚಾಗಿ ಸಿಗುವುದು ಬ್ಯುಪ್ರೆನಾರ್ಫಿನ್, ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಗುಳಿಗೆ. ಅಮೆರಿಕದಲ್ಲಿ 2000ದಿಂದ 2018ರವರೆಗಿನ ಬಡ ಕುಟುಂಬಗಳ ಹೆರಿಗೆ ದಾಖಲೆಗಳನ್ನು ಜಾಲಾಡಿದ ಒಂದು ದೊಡ್ಡ ಅಧ್ಯಯನ 2022ರ ಕೊನೆಗೆ ಪ್ರಕಟವಾಯಿತು. ಬಸುರಿನ ಮೊದಲ ತಿಂಗಳುಗಳಲ್ಲಿ ಬ್ಯುಪ್ರೆನಾರ್ಫಿನ್ ತೆಗೆದುಕೊಂಡವರಲ್ಲಿ ಶೇ. 14.4 ಹೆರಿಗೆಗಳು ದಿನ ತುಂಬುವ ಮೊದಲೇ ಆಗಿದ್ದವು. ಮೆಥಡೋನ್ ತೆಗೆದುಕೊಂಡವರಲ್ಲಿ ಶೇ. 24.9. ಆ ದೇಶದಲ್ಲಿ ಒಟ್ಟಾರೆ ನೋಡಿದರೆ 100 ಹೆರಿಗೆಯಲ್ಲಿ ಸುಮಾರು 10 ಮಾತ್ರ ಹಾಗೆ ಆಗುತ್ತವೆ.

ಈ ಅಂಕಿ ಕೇಳಿದ ಕೂಡಲೇ ಮನಸ್ಸಿಗೆ ಬರುವುದು ಒಂದೇ. "ನೋಡ್ರಿ, ಈ ಔಷಧಿಯಿಂದಲೇ ಕೂಸು ಬೇಗ ಹುಟ್ಟುತ್ತಿದೆ, ನಿಲ್ಲಿಸಿಬಿಡಿ." ಅತ್ತೆ ಹೀಗೆ ಹೇಳುತ್ತಾರೆ, ಗಂಡ ಹೇಳುತ್ತಾನೆ, ಬೇರೆ ವಿಭಾಗದ ಡಾಕ್ಟರೂ ಎಷ್ಟೋ ಸಲ ಇದನ್ನೇ ಹೇಳುತ್ತಾರೆ. ನಾನು ಇಲ್ಲಿಗೆ ಬಂದದ್ದೇ ಈ ಮಾತು ತಪ್ಪು ಅಂತ ಹೇಳಲು.

ಆ ಅಧ್ಯಯನ ಹೋಲಿಸಿದ್ದು ಒಂದು ಔಷಧಿಯನ್ನು ಇನ್ನೊಂದು ಔಷಧಿಯ ಜೊತೆ. ಚಿಕಿತ್ಸೆ ಇದ್ದವರನ್ನು ಚಿಕಿತ್ಸೆ ಇಲ್ಲದವರ ಜೊತೆ ಅಲ್ಲ. ಚಟ ಇದ್ದೂ ಚಿಕಿತ್ಸೆ ಇಲ್ಲದ ಬಸುರಿಯ ಸ್ಥಿತಿ ಇದಕ್ಕಿಂತ ಕೆಟ್ಟದ್ದು. ಚಿಕಿತ್ಸೆ ಶುರು ಮಾಡಿದರೂ ಅಪಾಯ ಪೂರ್ತಿ ಹೋಗುವುದಿಲ್ಲ, ಯಾಕೆ? ಅವಳ ಜೊತೆ ಬಂದಿರುವ ಬೇರೆ ಕಷ್ಟಗಳು ಹಾಗೇ ಇರುತ್ತವೆ. ರಕ್ತ ಕಡಿಮೆ. ಊಟ ಕಡಿಮೆ. ತಂಬಾಕು, ಗುಟ್ಕಾ, ಕಡ್ಡಿಪುಡಿ ಬಿಟ್ಟಿರುವುದಿಲ್ಲ. ಸೂಜಿ ಬಳಸಿದ್ದರೆ ಎಚ್‌ಐವಿ, ಹೆಪಟೈಟಿಸ್ ಸಿ ಇರಬಹುದು. ಮನೆಯಲ್ಲಿ ಹೊಡೆತ ಇರಬಹುದು. ತಪಾಸಣೆಗೆ ಬಂದದ್ದು ಐದನೇ ತಿಂಗಳಲ್ಲೋ ಆರನೇ ತಿಂಗಳಲ್ಲೋ. ಇದರಲ್ಲಿ ಒಂದೊಂದೂ ಹೆರಿಗೆಯನ್ನು ಮುಂಚೆಯೇ ತರಬಲ್ಲದು. ಮೆಥಡೋನ್ ಅಂಕಿಯ ಬಗ್ಗೆಯೂ ಎಚ್ಚರ ಬೇಕು. ಚಟ ಹೆಚ್ಚು ಬಲವಾಗಿದ್ದವರಿಗೇ ಮೆಥಡೋನ್ ಕೊಟ್ಟಿರುವ ಸಾಧ್ಯತೆ ಇದೆ. ಮೆಥಡೋನ್‌ನಲ್ಲಿ ಚೆನ್ನಾಗಿರುವ ಬಸುರಿಯನ್ನು ಅಂಕಿ ನೋಡಿ ಗಡಿಬಿಡಿಯಲ್ಲಿ ಬದಲಿಸಬಾರದು.

ಹಾಗಾದರೆ ಔಷಧಿ ಏನು ಮಾಡುತ್ತದೆ? ನೀವು ಕಾಲುವೆ ಸೀಮೆಯವರು. ತುಂಗಭದ್ರಾ ಎಡದಂಡೆಯ ನೀರು ಒಂದು ದಿನ ಬದು ಒಡೆಯುವಷ್ಟು ಬಂದು, ಮರುದಿನ ಪೂರ್ತಿ ನಿಂತು, ಮತ್ತೆ ನುಗ್ಗಿ ಬಂದರೆ ತೆನೆ ಕಟ್ಟುವ ಭತ್ತದ ಗತಿ ಏನು? ಚಟದಲ್ಲಿರುವವಳ ಮೈಯೊಳಗೆ ನಡೆಯುವುದು ಅದೇ. ಗುಳಿಗೆ ಸಿಕ್ಕಾಗ ಏರಿಕೆ, ಸಿಗದಿದ್ದಾಗ ಇಳಿತ. ಇಳಿತದ ಹೊತ್ತಿಗೆ ಮೈ ಗಾಬರಿಗೊಂಡು ಅಡ್ರಿನಲಿನ್ ಏರುತ್ತದೆ, ರಕ್ತನಾಳ ಬಿಗಿಯುತ್ತವೆ, ಗರ್ಭಕೋಶ ಹಿಂಡುತ್ತದೆ. ಕೂಸಿಗೂ ಅದೇ ಒದ್ದಾಟ. ಚಿಕಿತ್ಸೆಯ ಔಷಧಿಯೂ ಒಪಿಯಾಯ್ಡ್ ಜಾತಿಯದೇ, ಆದರೆ ಅದು ದಿನವಿಡೀ ಒಂದೇ ಮಟ್ಟ ಕಾಯುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2014ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿತು: ಒಪಿಯಾಯ್ಡ್‌ಗೆ ಒಗ್ಗಿದ ಬಸುರಿಗೆ ಬಿಡಿಸುವ ಪ್ರಯತ್ನಕ್ಕಿಂತ ಈ ಔಷಧಿ ಮುಂದುವರಿಸುವುದೇ ಒಳ್ಳೆಯದು. ಎಷ್ಟು ಬೇಗ ಶುರು ಮಾಡಿ ಎಷ್ಟು ವಾರ ತಪ್ಪದೆ ತೆಗೆದುಕೊಂಡರೆ ಅಷ್ಟು ಲಾಭ.

ನಮ್ಮ ಸೀಮೆಯಲ್ಲಿ ಚಿಕಿತ್ಸೆ ಎಲ್ಲಿ ಮುರಿಯುತ್ತದೆ? ನನಗೆ ಇವತ್ತು ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು.

ಚೊಚ್ಚಲ ಬಸುರಿ. ಏಳನೇ ತಿಂಗಳಲ್ಲಿ ಕುಬುಸ. ಹಸಿರು ಬಳೆ, ಸೀರೆ, ಹೋಳಿಗೆ ಊಟ. ಆಮೇಲೆ ತವರಿಗೆ ಹೋಗುತ್ತಾಳೆ. ಸಂತೋಷದ ವಿಷಯವೇ. ಆದರೆ ಅವಳು ಗುಳಿಗೆ ತೆಗೆದುಕೊಳ್ಳುತ್ತಿದ್ದದ್ದು ಗಂಡನ ಊರಿನ ಹತ್ತಿರದ ಆಸ್ಪತ್ರೆಯಲ್ಲಿ. ತವರಿನಲ್ಲಿ ಅವ್ವನಿಗೆ ವಿಷಯ ಗೊತ್ತಿಲ್ಲ. ಅಣ್ಣ ಅತ್ತಿಗೆಗೆ ಗೊತ್ತಾಗಬಾರದು. ಚೀಟಿ ತಂದಿಲ್ಲ. ಒಂದು ವಾರದ ಗುಳಿಗೆ ಮುಚ್ಚಿಟ್ಟು ತಂದಿರುತ್ತಾಳೆ, ಅದು ಮುಗಿಯುತ್ತದೆ. ಮುಂದೆ? ಸುಮ್ಮನಾಗುತ್ತಾಳೆ. ಇದೆಲ್ಲ ನಡೆಯುವುದು 28ರಿಂದ 32ನೇ ವಾರದಲ್ಲಿ. ಕೂಸು ಹೊರಗೆ ಬಂದರೆ ಬದುಕಿಸಿಕೊಳ್ಳುವುದು ಕಷ್ಟದ ಹೊತ್ತಿನಲ್ಲೇ ಚಿಕಿತ್ಸೆ ತಪ್ಪುತ್ತದೆ.

ಇನ್ನೊಂದು ಸಂಗತಿ ಸೇರಿಸಿಕೊಳ್ಳಿ. ಕೊನೆಯ ಮೂರು ತಿಂಗಳಲ್ಲಿ ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ಜಾಸ್ತಿಯಾಗಿರುತ್ತದೆ, ಲಿವರ್ ಔಷಧಿಯನ್ನು ಬೇಗ ಕರಗಿಸುತ್ತದೆ. ಹಾಗಾಗಿ ಹಳೆಯ ಡೋಸ್ ಸಾಲದೆ ಹೋಗಬಹುದು. ಎಷ್ಟೋ ಜನರಿಗೆ ಡೋಸ್ ಹೆಚ್ಚಿಸಬೇಕಾಗುತ್ತದೆ, ಇಲ್ಲವೇ ದಿನಕ್ಕೆ ಎರಡು ಮೂರು ಸಲವಾಗಿ ಹಂಚಿ ಕೊಡಬೇಕಾಗುತ್ತದೆ. ಡೋಸ್ ಹೆಚ್ಚಾಯಿತು ಅಂದರೆ ಚಟ ಹೆಚ್ಚಾಯಿತು ಅಂತ ಅಲ್ಲ. ಅಂದರೆ ಡಾಕ್ಟರ ಕಣ್ಣು ಹೆಚ್ಚು ಬೇಕಾದ ತಿಂಗಳಲ್ಲೇ ಅವಳು ಡಾಕ್ಟರಿಂದ ದೂರ ಇರುತ್ತಾಳೆ.

ತವರಿಗೆ ಕಳಿಸಬೇಡಿ ಅಂತ ನಾನು ಹೇಳುವುದಿಲ್ಲ. ಅವ್ವನ ಮನೆಯ ಊಟ, ವಿಶ್ರಾಂತಿ ಅವಳಿಗೆ ಬೇಕೇ ಬೇಕು. ಕುಬುಸದ ದಿನ ಗೊತ್ತಾದ ಕೂಡಲೇ ಆಸ್ಪತ್ರೆಗೆ ತಿಳಿಸಿ. ತವರಿನ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಗುಳಿಗೆ ಮುಂದುವರಿಸಬಹುದು ಅಂತ ಮೊದಲೇ ಮಾತಾಡಿ, ಚೀಟಿ ಬರೆಸಿಕೊಳ್ಳಿ. ತಾಯಿ ಕಾರ್ಡ್ ಜೊತೆ ಅದೂ ಹೋಗಲಿ. ತವರಿನಲ್ಲಿ ಒಬ್ಬರಿಗಾದರೂ, ಅವಳಿಗೆ ನಂಬಿಕೆ ಇರುವ ಒಬ್ಬರಿಗೆ, ವಿಷಯ ಗೊತ್ತಿರಲಿ. ಯಾರಿಗೆ ಹೇಳಬೇಕು ಅನ್ನುವುದನ್ನು ಅವಳೇ ತೀರ್ಮಾನಿಸಲಿ.

ಗುಳೆ ಹೋಗುವವರ ಕಥೆಯೂ ಹೀಗೇ. ಸುಗ್ಗಿ ಮುಗಿದ ಮೇಲೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಮನೆಗೆ ಮನೆಯೇ ಹೊರಡುತ್ತದೆ. ಬಸುರಿಯೂ ಹೊರಡುತ್ತಾಳೆ. ಆಶಾ ಅಕ್ಕಂದಿರೇ, ಗುಳೆ ಹೊರಟವರ ಪಟ್ಟಿಯಲ್ಲಿ ಚಿಕಿತ್ಸೆಯಲ್ಲಿರುವ ಬಸುರಿ ಇದ್ದರೆ ಅವಳ ಹತ್ತಿರ ಒಂದು ಫೋನ್ ನಂಬರ್, ಒಂದು ಚೀಟಿ ಇರುವ ಹಾಗೆ ನೋಡಿಕೊಳ್ಳಿ.

ನರ್ಸಿಂಗ್ ಮಕ್ಕಳಿಗೆ ಕೆಲವು ಮಾತು. ಔಷಧಿ ತಪ್ಪಿದಾಗ ಬರುವ ಲಕ್ಷಣಗಳೂ ಹೆರಿಗೆ ನೋವಿನ ಲಕ್ಷಣಗಳೂ ಒಂದರ ಮೇಲೊಂದು ಬೀಳುತ್ತವೆ. ಹೊಟ್ಟೆ ಹಿಂಡುವುದು, ಸೊಂಟ ನೋವು, ಬೆವರು, ಚಡಪಡಿಕೆ ಎರಡರಲ್ಲೂ ಇರುತ್ತವೆ. ಪದೇ ಪದೇ ಆಕಳಿಕೆ, ಮೂಗು ಕಣ್ಣಲ್ಲಿ ನೀರು, ಮೈ ರೋಮ ಏಳುವುದು, ಬೇಧಿ ಇದ್ದರೆ ಔಷಧಿ ತಪ್ಪಿದೆಯಾ ಅಂತ ಕೇಳಿ. ಆದರೆ ಅದು ಬರೀ ಔಷಧಿ ತಪ್ಪಿದ್ದಕ್ಕೆ ಅಂತ ಮನೆಗೆ ಕಳಿಸಬೇಡಿ. ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ. ಬಿಟ್ಟು ಬಿಟ್ಟು ಗಟ್ಟಿಯಾಗುತ್ತಿದೆಯಾ? ನೀರು ಹೋಗಿದೆಯಾ? ರಕ್ತ ಕಂಡಿದೆಯಾ? ಎರಡೂ ಒಟ್ಟಿಗೆ ಇರಬಹುದು, ಒಂದರಿಂದ ಇನ್ನೊಂದು ಶುರುವಾಗಿರಬಹುದು.

ಎಷ್ಟು ವಾರ ಆಗಿದೆ ಅಂತ ಗೊತ್ತಿರುವುದು ಇಲ್ಲಿ ಬಹಳ ಮುಖ್ಯ. ಒಪಿಯಾಯ್ಡ್ ಬಳಸುವವರಲ್ಲಿ ಮುಟ್ಟು ಏರುಪೇರಾಗುತ್ತದೆ, ತಿಂಗಳುಗಟ್ಟಲೆ ನಿಲ್ಲುವುದೂ ಉಂಟು. ತನಗೆ ಮಕ್ಕಳಾಗುವುದಿಲ್ಲ ಅಂತಲೇ ಕೆಲವರು ನಂಬಿರುತ್ತಾರೆ. ಚಿಕಿತ್ಸೆ ಶುರುವಾದ ಮೇಲೆ ಮೈ ಸರಿಹೋಗುತ್ತದೆ, ಮುಟ್ಟು ಬರುವ ಮೊದಲೇ ಬಸುರಿಯಾಗಬಹುದು. ಹಾಗಾಗಿ ಕೊನೆಯ ಮುಟ್ಟಿನ ತಾರೀಖು ಕೇಳಿ ಲೆಕ್ಕ ಹಾಕಿದರೆ ತಪ್ಪುತ್ತದೆ. ಮೊದಲ ಮೂರು ತಿಂಗಳಲ್ಲೇ ಸ್ಕ್ಯಾನ್ ಮಾಡಿಸಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಇರುತ್ತದೆ, ಅದನ್ನು ಬಳಸಿಕೊಳ್ಳಿ.

ಹೆರಿಗೆ ಕೋಣೆಯಲ್ಲಿ ನೆನಪಿಡಬೇಕಾದ ಎರಡು ಔಷಧಿಗಳಿವೆ. ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನ್‌ನಲ್ಲಿರುವ ತಾಯಿಗೆ ನೋವು ತಗ್ಗಲಿ ಅಂತ ಪೆಂಟಾಜೋಸಿನ್ ಇಂಜೆಕ್ಷನ್ ಕೊಡಬಾರದು. ನಮ್ಮ ಕಡೆ ಆ ಇಂಜೆಕ್ಷನ್ ಅಭ್ಯಾಸ ಇದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಅದೂ ಒಪಿಯಾಯ್ಡ್ ಜಾತಿಯದೇ ಆದರೂ ಅವಳ ಔಷಧಿಯ ಕೆಲಸಕ್ಕೆ ಅಡ್ಡ ಬಂದು, ನಿಮಿಷಗಳಲ್ಲಿ ಅವಳನ್ನು ತೀವ್ರ ಒದ್ದಾಟಕ್ಕೆ ತಳ್ಳಬಹುದು. ಹಾಗಂತ ನೋವು ಸಹಿಸಿಕೋ ಅನ್ನುವುದು ಅನ್ಯಾಯ. ಸೊಂಟಕ್ಕೆ ಕೊಡುವ ಅರಿವಳಿಕೆ, ಬೇರೆ ನೋವುನಿವಾರಕಗಳು ಇವೆ. ದಿನದ ಗುಳಿಗೆಯನ್ನು ಹೆರಿಗೆಯ ದಿನವೂ ಕೊಡಬೇಕು. ಎರಡನೆಯದು ನಲಾಕ್ಸೋನ್, ಒಪಿಯಾಯ್ಡ್‌ನ ಪರಿಣಾಮವನ್ನು ಒಮ್ಮೆಲೇ ಕಳೆಯುವ ಔಷಧಿ. ಹುಟ್ಟಿದ ಕೂಸು ಉಸಿರು ಎಳೆಯುತ್ತಿಲ್ಲ ಅಂತ ಇಂಥ ತಾಯಿಯ ಕೂಸಿಗೆ ಅದನ್ನು ಕೊಟ್ಟರೆ ಫಿಟ್ಸ್ ಬರಬಹುದು. ಮಾಸ್ಕ್‌ನಿಂದ ಉಸಿರು ಕೊಡಿ. ಈ ಎರಡೂ ತಪ್ಪಬೇಕಾದರೆ ತಾಯಿ ಚಿಕಿತ್ಸೆಯಲ್ಲಿದ್ದಾಳೆ ಅಂತ ಹೆರಿಗೆ ಕೋಣೆಯವರಿಗೆ ಗೊತ್ತಿರಬೇಕು. ಬೈದರೆ ಅವಳು ಯಾಕೆ ಹೇಳುತ್ತಾಳೆ?

ಎಷ್ಟೇ ಎಚ್ಚರ ವಹಿಸಿದರೂ ಕೆಲವರಿಗೆ ಬೇಗ ಹೆರಿಗೆ ಆಗೇ ಆಗುತ್ತದೆ. ಆಗಲೂ ಕೈಯಲ್ಲಿ ಉಪಾಯ ಇದೆ. 24ರಿಂದ 34 ವಾರದೊಳಗೆ ನೋವು ಶುರುವಾದರೆ ತಾಯಿಗೆ ಡೆಕ್ಸಾಮೆಥಸೋನ್ ಇಂಜೆಕ್ಷನ್ ಕೊಡುತ್ತೇವೆ, ಕೂಸಿನ ಶ್ವಾಸಕೋಶ ಬಲಿಯಲಿ ಅಂತ. ನಮ್ಮ ಬೆಳಗಾವಿಯೂ ಸೇರಿದಂತೆ ಐದು ದೇಶಗಳ ಊರುಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ಇಂಜೆಕ್ಷನ್ ಸಿಕ್ಕ ತಾಯಂದಿರ ಕೂಸುಗಳಲ್ಲಿ ಸಾವು ಶೇ. 23.5ರಿಂದ 19.6ಕ್ಕೆ ಇಳಿಯಿತು. ನೋವು ಶುರುವಾದ ಕೂಡಲೇ ಬಂದರೆ ಮಾತ್ರ ಇದಕ್ಕೆ ಸಮಯ ಸಿಗುತ್ತದೆ. 108ಕ್ಕೆ ಫೋನ್ ಮಾಡಲು ಯೋಚಿಸುತ್ತ ಕೂರಬೇಡಿ.

ಹುಟ್ಟಿದ ಮೇಲೆ ಕಾಂಗರೂ ಆರೈಕೆ. ಕೂಸನ್ನು ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವ ಹಾಗೆ, ದಿನಕ್ಕೆ ಕನಿಷ್ಠ 8 ಗಂಟೆ ಇಟ್ಟುಕೊಳ್ಳುವುದು. ಇದನ್ನು ಊರೂರಿಗೆ ತಲುಪಿಸುವುದು ಹೇಗೆ ಅಂತ ಭಾರತ ಮತ್ತು ಇಥಿಯೋಪಿಯಾಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲದಿಂದ ಒಂದು ಅಧ್ಯಯನ ನಡೆಯಿತು. ಅದರ ಒಂದು ಜಾಗ ನಮ್ಮ ಪಕ್ಕದ ಕೊಪ್ಪಳ ಜಿಲ್ಲೆ. ಕೊಪ್ಪಳದ ನರ್ಸ್‌ಗಳು, ಆಶಾಗಳು ಮಾಡಿ ತೋರಿಸಿದ ಕೆಲಸ ಇದು, ನನಗೆ ಅದರ ಬಗ್ಗೆ ಹೆಮ್ಮೆ ಇದೆ.

ಇಲ್ಲಿ ಒಂದು ಒಳ್ಳೆಯ ಹೊಂದಾಣಿಕೆ ಇದೆ. ಈ ಔಷಧಿಯಲ್ಲಿರುವ ತಾಯಂದಿರ ಕೂಸುಗಳಲ್ಲಿ ಅರ್ಧದಷ್ಟಕ್ಕೆ, ಕೆಲವೆಡೆ ಅದಕ್ಕಿಂತ ಜಾಸ್ತಿ ಕೂಸುಗಳಿಗೆ, ಹೊಟ್ಟೆಯೊಳಗೆ ಸಿಗುತ್ತಿದ್ದ ಔಷಧಿ ನಿಂತದ್ದಕ್ಕೆ ಹುಟ್ಟಿದ ಕೆಲ ದಿನಗಳಲ್ಲಿ ಒದ್ದಾಟ ಕಾಣಿಸುತ್ತದೆ. ಚೀರಿ ಅಳುವುದು, ನಡುಕ, ಸೀನು, ಹಾಲು ಸರಿಯಾಗಿ ಕುಡಿಯದಿರುವುದು. ಇದು ಚಿಕಿತ್ಸೆಯಿಂದ ಸರಿಹೋಗುವಂಥದ್ದು. ದಿನ ತುಂಬದ ಕೂಸಿನಲ್ಲಿ ಲಕ್ಷಣ ಕಡಿಮೆ ಕಾಣಬಹುದು, ಹಾಗಂತ ಕಣ್ಣು ತಪ್ಪಿಸಬಾರದು. ಅಮೆರಿಕದ 26 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗವೊಂದು ಸರಳ ದಾರಿ ಹಿಡಿಯಿತು. ಕೂಸು ಹಾಲು ಕುಡಿಯುತ್ತಿದೆಯಾ, ಮಲಗುತ್ತಿದೆಯಾ, ಎತ್ತಿಕೊಂಡರೆ ಸಮಾಧಾನ ಆಗುತ್ತಿದೆಯಾ? ಇಷ್ಟು ನೋಡಿ, ತಾಯಿಯ ಮಡಿಲಲ್ಲೇ ಇಟ್ಟು ಆರೈಕೆ ಮಾಡಿದರು. ಔಷಧಿ ಬೇಕಾದ ಕೂಸುಗಳು ಶೇ. 52ರಿಂದ 19.5ಕ್ಕೆ ಇಳಿದವು. ಮನೆಗೆ ಹೋಗಲು ತಯಾರಾಗುವ ಹೊತ್ತು ಸರಾಸರಿ 14.9 ದಿನದಿಂದ 8.2 ದಿನಕ್ಕೆ ಬಂತು. ಬೇಗ ಹುಟ್ಟಿದ ಕೂಸಿಗೂ ಒದ್ದಾಡುವ ಕೂಸಿಗೂ ಬೇಕಾದದ್ದು ತಾಯಿಯ ಎದೆಯೇ. "ಇಂಥವಳ ಕೈಗೆ ಕೂಸು ಕೊಡಬೇಡಿ" ಅನ್ನುವವರು ಕೂಸಿಗೇ ಕೆಡುಕು ಮಾಡುತ್ತಾರೆ.

ಬಾಯಿ ಬಿಡಲು ಹೆದರಿಕೆ ಯಾಕೆ ಅಂತ ನನಗೆ ಅರ್ಥವಾಗುತ್ತದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತ ಮೇಲೆ ಆಸ್ಪತ್ರೆ ಅಂದರೆ ಎಷ್ಟೋ ಮನೆಗಳಲ್ಲಿ ಭಯ ಕೂತಿದೆ. ಅದರ ಮೇಲೆ ಪೊಲೀಸ್ ಭಯ. ಕಾನೂನು ಏನು ಹೇಳುತ್ತದೆ ಕೇಳಿ. ಸ್ವಂತ ಸೇವನೆಯ ಅಥವಾ ಸಣ್ಣ ಪ್ರಮಾಣದ ಪ್ರಕರಣ ಇರುವ ವ್ಯಸನಿ ತಾನಾಗಿಯೇ ಚಿಕಿತ್ಸೆಗೆ ಬಂದರೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ತೊಂದರೆಗಳನ್ನೂ ಕಾಯಿಲೆ ಅಂತಲೇ ಎಣಿಸುತ್ತದೆ, ರೋಗಿಯ ಗುಟ್ಟು ಕಾಪಾಡಬೇಕು ಅನ್ನುತ್ತದೆ. ಆಶಾ ಅಕ್ಕಂದಿರು ನೀರಿನ ಟ್ಯಾಂಕ್ ಹತ್ತಿರ ನಿಂತು ಆಡುವ ಒಂದು ಮಾತು ಆ ಹುಡುಗಿಯ ಚಿಕಿತ್ಸೆಯನ್ನೇ ಮುಗಿಸಬಹುದು.

ಇಂಥ ಚಿಕಿತ್ಸೆ ಬೆಂಗಳೂರಿನಲ್ಲಿ ಮಾತ್ರ ಸಾಧ್ಯ ಅನ್ನುವವರಿಗೆ ಒಂದು ಇತಿಹಾಸ ಹೇಳುತ್ತೇನೆ. 1985ರಲ್ಲಿ ನಿಮ್ಹಾನ್ಸ್‌ನವರು ಮಾನಸಿಕ ಆರೋಗ್ಯವನ್ನು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತರುವ ಪ್ರಯೋಗ ಶುರು ಮಾಡಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ಸಾಮಾನ್ಯ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಅದು ನಡೆಯಿತು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಆ ಬಳ್ಳಾರಿ ಮಾದರಿಯಿಂದ. ದೇಶಕ್ಕೆ ದಾರಿ ತೋರಿಸಿದ ಸೀಮೆ ನಮ್ಮದು. ಬಸುರಿಯರ ವಿಭಾಗವೂ ಮಾನಸಿಕ ಆರೋಗ್ಯ ವಿಭಾಗವೂ ಒಂದೇ ಕಟ್ಟಡದಲ್ಲಿದ್ದು ಪರಸ್ಪರ ಮಾತಾಡದಿದ್ದರೆ ಅದು ನಮ್ಮ ಲೋಪ, ಆ ಹೆಣ್ಣುಮಗಳದ್ದಲ್ಲ. ಸದ್ಯಕ್ಕೆ 14446 ವ್ಯಸನಮುಕ್ತಿ ಸಹಾಯವಾಣಿ, 14416 ಟೆಲಿ ಮಾನಸ್, ಅಂದರೆ ಮಾನಸಿಕ ಆರೋಗ್ಯ ಸಹಾಯವಾಣಿ. ಎರಡನ್ನೂ ಬರೆದುಕೊಳ್ಳಿ.

ಮಾತಿನ ನಂತರ ಕೆಲವರು ಪ್ರಶ್ನೆ ಕೇಳಿದರು. ಅದರಲ್ಲಿ ಎರಡನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಒಬ್ಬ ಅಜ್ಜಿ ಕೇಳಿದರು: "ಆ ಗುಳಿಗೆ ನುಂಗೋ ಬಾಣಂತಿ ಮೊಲೆಹಾಲು ಕುಡಿಸಬಹುದೇನಪ್ಪಾ?" ಕುಡಿಸಬಹುದು, ಕುಡಿಸಬೇಕು ಅಜ್ಜಿ. ಹೊರಗಿನ ಡ್ರಗ್ ಬಿಟ್ಟು ಚಿಕಿತ್ಸೆಯಲ್ಲಿ ಸ್ಥಿರವಾಗಿದ್ದರೆ ಹಾಲಿಗೆ ಹೋಗುವ ಔಷಧಿ ತೀರಾ ಕಡಿಮೆ. ಹಾಲು ಕುಡಿದ ಕೂಸಿಗೆ ಒದ್ದಾಟವೂ ಕಡಿಮೆ. ಎಚ್‌ಐವಿ ಇದ್ದರೆ ಮಾತ್ರ ಡಾಕ್ಟರ ಜೊತೆ ಬೇರೆಯಾಗಿ ಮಾತಾಡಬೇಕು.

ಇನ್ನೊಬ್ಬ ಆಶಾ ಕಾರ್ಯಕರ್ತೆ ಕೇಳಿದರು: "ಹೆರಿಗೆ ಆಯ್ತಲ್ಲ, ಇನ್ನು ಗುಳಿಗೆ ನಿಲ್ಲಿಸಬಹುದಾ ಸರ್?" ಬೇಡ. ಹೆರಿಗೆಯ ನಂತರದ ತಿಂಗಳುಗಳಲ್ಲೇ ಹಳೆಯ ಚಟಕ್ಕೆ ಮರಳುವವರು ಜಾಸ್ತಿ. ನಿದ್ದೆ ಇಲ್ಲ, ಮೈ ಸೋತಿದೆ, ಎಲ್ಲರ ಗಮನ ಕೂಸಿನ ಮೇಲೆ. ಬಿಟ್ಟು ಎಷ್ಟೋ ದಿನವಾದ ಮೇಲೆ ಮತ್ತೆ ಹಳೆಯ ಪ್ರಮಾಣದಲ್ಲೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಕೂಸಿಗೆ 6, 10, 14ನೇ ವಾರದ ಲಸಿಕೆ ಹಾಕಿಸಲು ಅವಳು ನಿಮ್ಮ ಹತ್ತಿರ ಬಂದೇ ಬರುತ್ತಾಳೆ. ಅವತ್ತು ಕೂಸಿನ ತೂಕ ನೋಡಿದ ಮೇಲೆ ಅವಳನ್ನು ಸ್ವಲ್ಪ ಪಕ್ಕಕ್ಕೆ ಕರೆದು ಕೇಳಿ: ಗುಳಿಗೆ ನಡೀತಿದೆಯಾ, ಡೋಸ್ ಸಾಕಾಗ್ತಿದೆಯಾ, ಮುಂದಿನ ಚೀಟಿ ಯಾವಾಗ.